ಯಾವ ಪದ, ಯಾವ ಪುಟ?

ನಮಸ್ಕಾರ.

ನೀವು ಕಳುಹಿಸಿದ ‘ಒಂದು ಪುಸ್ತಕ, ಹನ್ನೊಂದು ಅಭಿಪ್ರಾಯ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ನಿಧಾನವಾಗಿ ಓದಬಹುದು. ‘ವಿಷಾದಿಸುತ್ತೇವೆ’ ಎಂಬ ಎರಡು ಸಾಲಿನ ಪತ್ರ ಹಾಕಿ ಸುಮ್ಮನಾಗದೆ ಇಷ್ಟುದ್ದ ಬರೆಯುತ್ತಿರುವುದಕ್ಕೆ ಕಾರಣ ನಿಮ್ಮ ಏಳನೆಯ ಪುಟದಲ್ಲಿರುವ ನಾಲ್ಕು ಸಾಲು. ಅಲ್ಲಿಗೆ ಆಮೇಲೆ ಬರುತ್ತೇನೆ.

ನಿಮ್ಮ ಒಪ್ಪಿಗೆ ಪಡೆದು ಈ ಉತ್ತರವನ್ನು ಪತ್ರಿಕೆಯಲ್ಲೇ ಹಾಕುತ್ತಿರುವುದರಿಂದ ಲೇಖನದಲ್ಲಿ ಏನಿತ್ತೆಂದು ಉಳಿದವರಿಗೂ ಹೇಳಬೇಕು. ಜಯನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ತಿಂಗಳಿಗೊಮ್ಮೆ ಸೇರುವ ಹನ್ನೊಂದು ಜನರ ಓದುಬಳಗ. ಈ ಸಲ ಆರಿಸಿಕೊಂಡದ್ದು ದೇವನೂರ ಮಹಾದೇವರ ‘ಕುಸುಮಬಾಲೆ’. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಪಡೆದ ತೆಳ್ಳನೆಯ ಕಾದಂಬರಿ. ತೆಳ್ಳಗಿದೆ ಎಂದೇ ಆರಿಸಿಕೊಂಡೆವು ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ನಾನು ನಕ್ಕದ್ದು ಅಲ್ಲಿ ಮಾತ್ರ. ತಿಂಗಳು ಮುಗಿಯುವಷ್ಟರಲ್ಲಿ ಐವರು ಮೆಚ್ಚಿದರು, ನಾಲ್ವರು ಮೆಚ್ಚಲಿಲ್ಲ, ಇಬ್ಬರು ಓದಿ ಮುಗಿಸಲಿಲ್ಲ.

ಮೊದಲ ಒಂದೂವರೆ ಪುಟವನ್ನು ತೆಗೆದುಹಾಕಿ. ಸಂಜೆಯ ಮಳೆ, ಫಿಲ್ಟರ್ ಕಾಫಿಯ ಘಮ, ಕಿಟಕಿಯಾಚೆ ಹೂಬಿಟ್ಟ ಟಬೇಬುಯಾ ಮರ. ಬೆಂಗಳೂರಿನಿಂದ ಬರುವ ಲೇಖನಗಳಲ್ಲಿ ಅರ್ಧದಷ್ಟು ಹೀಗೆಯೇ ಶುರುವಾಗುತ್ತವೆ. ಅವನ್ನು ಓದಿದರೆ ಈ ಊರಿನಲ್ಲಿ ಮಳೆ ಬಂದಾಗ ಚರಂಡಿ ಉಕ್ಕುವುದೇ ಇಲ್ಲವೇನೋ ಎನ್ನಿಸುತ್ತದೆ. ಅಲ್ಲದೆ ಟಬೇಬುಯಾ ಮೈತುಂಬ ಅರಳುವುದು ಬೇಸಿಗೆಯ ಹೊಸ್ತಿಲಲ್ಲಿ. ನಿಮ್ಮ ಸಭೆ ನಡೆದದ್ದು ಆಗಸ್ಟ್‌ನಲ್ಲಿ. ಆ ಮರವನ್ನು ನೀವು ಅಂದು ಕಿಟಕಿಯಲ್ಲಿ ನೋಡಿಲ್ಲ, ಬೇರೆ ಯಾವುದೋ ಲೇಖನದಲ್ಲಿ ನೋಡಿದ್ದೀರಿ.

ಆಮೇಲೆ ಹನ್ನೊಂದು ಜನಕ್ಕೂ ತಲಾ ಒಂದು ಪ್ಯಾರಾ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ, ಪಂಕ್ತಿಯಲ್ಲಿ ಪಾಯಸ ಬಡಿಸಿದ ಹಾಗೆ. ಒಬ್ಬರಿಗೆ ಭಾಷೆ ಕಷ್ಟವಾಯಿತು, ಇನ್ನೊಬ್ಬರಿಗೆ ಭಾಷೆಯೇ ಸೊಗಸೆನಿಸಿತು. ಒಬ್ಬರಿಗೆ ಕಥೆಯ ಎಳೆ ಸಿಗಲಿಲ್ಲ, ಇನ್ನೊಬ್ಬರು ಎಳೆ ಯಾಕೆ ಬೇಕು ಎಂದರು. ಬಳಗದಲ್ಲಿ ಯಾರೂ ಮುನಿಸಿಕೊಳ್ಳಬಾರದು ಎಂಬ ಎಚ್ಚರ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಮುಂದಿನ ತಿಂಗಳು ಅದೇ ಸೋಫಾದ ಮೇಲೆ ಅವರ ಜೊತೆಗೇ ಕೂರಬೇಕಲ್ಲ, ಅರ್ಥವಾಗುತ್ತದೆ. ಆದರೆ ಹೀಗೆ ಬರೆದದ್ದಕ್ಕೆ ನಡಾವಳಿ ಎನ್ನುತ್ತಾರೆ. ನಿಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ಅದನ್ನು ನಿಮಗಿಂತ ಚೆನ್ನಾಗಿ ಬರೆದಾರು. ಹನ್ನೊಂದರಲ್ಲಿ ಒಬ್ಬರು ನೀವು. ಆ ಐವರಲ್ಲಿ ಸೇರಿದವರೋ, ನಾಲ್ವರಲ್ಲೋ, ಇಬ್ಬರಲ್ಲೋ? ಒಂಬತ್ತು ಪುಟ ಓದಿದರೂ ನನಗೆ ಗೊತ್ತಾಗಲಿಲ್ಲ.

‘ಕಷ್ಟ’ ಎಂಬ ಪದ ಹದಿನಾಲ್ಕು ಸಲ ಬಂದಿದೆ. ಎಂಥ ಕಷ್ಟ ಎಂದು ಒಂದು ಸಲವೂ ಕೇಳಿಲ್ಲ. ನಂಜನಗೂಡು ಸೀಮೆಯ ಮಾತನ್ನು ಮಹಾದೇವ ಅವರು ಬಾಯಲ್ಲಿ ಇರುವಂತೆಯೇ ಅಚ್ಚಿಗೆ ತಂದಿದ್ದಾರೆ. ಹಾಗಾಗಿ ಗೊತ್ತಿರುವ ಪದ ಕೂಡ ಪುಟದಲ್ಲಿ ಎದುರಾದಾಗ ಗುರುತು ಸಿಗುವುದಿಲ್ಲ. ಊರಿನವರನ್ನು ಅಚಾನಕ್ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಕಂಡಾಗ ಆಗುವ ಹಾಗೆ. ಇದು ಕಣ್ಣಿನ ಕಷ್ಟ. ಇನ್ನೊಂದು, ಕಥೆ ಹೇಳುವವರು ಬದಲಾಗುತ್ತ ಹೋಗುವುದು. ಮಂಚಕ್ಕೂ ಅಲ್ಲಿ ಬಾಯಿದೆ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಹಿಂದಿನ ಪುಟಕ್ಕೆ ಹೋಗಿ ನೋಡಬೇಕಾಗುತ್ತದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಸಂಬಂಧವೇ ಇಲ್ಲ, ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ. ಮೂರನೆಯದೂ ಒಂದಿದೆ, ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ನಾನು ಧಾರವಾಡದ ಕಡೆಯವನು. ಮೊದಲ ಸಲ ಈ ಪುಸ್ತಕ ಹಿಡಿದಾಗ ಹತ್ತು ಹನ್ನೆರಡು ಪುಟದಾಚೆ ಹೋಗಲಾಗಲಿಲ್ಲ. ಇದು ನಮ್ಮ ಕನ್ನಡವಲ್ಲ ಎಂದು ಹಾಸ್ಟೆಲಿನಲ್ಲಿ ದೊಡ್ಡದಾಗಿ ಹೇಳಿಕೊಂಡು ತಿರುಗಿದೆ ಕೂಡ. ಚಾಮರಾಜನಗರದ ಕಡೆಯ ಗೆಳೆಯನೊಬ್ಬ ಒಂದು ರಾತ್ರಿ ಪುಸ್ತಕ ಕಿತ್ತುಕೊಂಡು, ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಜೋರಾಗಿ ಓದತೊಡಗಿದ. ಅರ್ಧ ಗಂಟೆಯಲ್ಲಿ ಪಕ್ಕದ ಕೋಣೆಯವರೂ ಬಂದು ಬಾಗಿಲಲ್ಲಿ ನಿಂತಿದ್ದರು. ನೀಲಗಾರರು ಮಂಟೇಸ್ವಾಮಿಯ ಕಾವ್ಯವನ್ನು, ದೇವರಗುಡ್ಡರು ಮಲೆಮಾದೇಶ್ವರನ ಕಾವ್ಯವನ್ನು ರಾತ್ರಿಯಿಡೀ ಹಾಡುವ ಸೀಮೆ ಅದು. ಅಲ್ಲಿಯ ಗದ್ಯ ಕಿವಿಯ ಮೂಲಕ ಒಳಗೆ ಬರಬೇಕೆಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ನಿಮ್ಮ ಹನ್ನೊಂದು ಜನರಲ್ಲಿ ಯಾರಾದರೂ ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡಿದರೇ? ಓದಿದ್ದರೆ ಬರೆಯಿರಿ. ಓದಲಿಲ್ಲವಾದರೆ ಅದನ್ನೂ ಬರೆಯಿರಿ.

ನಿಮ್ಮ ಬಳಗದ ಒಬ್ಬರು, ಪುಸ್ತಕವನ್ನು ಮೆಚ್ಚಿದವರೇ, ಇದು ಲ್ಯಾಟಿನ್ ಅಮೆರಿಕದ ಮ್ಯಾಜಿಕ್ ರಿಯಲಿಸಂ, ಅಂದರೆ ನಿತ್ಯದ ಬದುಕಿನಲ್ಲಿ ಅದ್ಭುತವನ್ನು ಸಹಜವೆಂಬಂತೆ ಬೆರೆಸುವ ಬಗೆ, ಎಂದಿದ್ದಾರೆ. ನೀವು ತಲೆಯಾಡಿಸಿ ಬರೆದುಕೊಂಡು ಬಂದಿದ್ದೀರಿ. ಕಾದಂಬರಿಯಲ್ಲಿ ರಾತ್ರಿ ಹೊತ್ತು ಜೋತಮ್ಮಂದಿರು, ಅಂದರೆ ಮನೆಮನೆಯ ದೀಪದ ಜೀವಗಳು, ಒಂದೆಡೆ ಸೇರಿ ತಮ್ಮ ತಮ್ಮ ಮನೆಯ ಕಥೆ ಆಡಿಕೊಳ್ಳುತ್ತವಲ್ಲ, ಅದನ್ನು ನೋಡಿ ಅವರು ಹಾಗೆಂದಿರಬೇಕು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಒಂದು ಜನಪದ ಕಥೆ ಕೇಳಿ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ. ಅವಳು ಯಾರಿಗೂ ಹೇಳುವುದಿಲ್ಲ. ಒಳಗೇ ಉಸಿರುಗಟ್ಟಿದ ಅವು ಒಂದು ದಿನ ಅವಳು ಮಲಗಿದ್ದಾಗ ಹೊರಬಿದ್ದು, ಒಂದು ಕೋಟಾಗಿಯೂ ಒಂದು ಜೊತೆ ಪಾದರಕ್ಷೆಯಾಗಿಯೂ ಮನೆಯಲ್ಲೇ ಕೂರುತ್ತವೆ. ಗಂಡ ಬಂದು ಯಾರದಿವು ಎಂದು ಕೇಳಿದರೆ ಅವಳಲ್ಲಿ ಉತ್ತರವಿಲ್ಲ. ಸಿಟ್ಟಿನಿಂದ ಅವನು ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಊರಿನ ಆರಿಸಿದ ದೀಪಗಳೆಲ್ಲ ರಾತ್ರಿ ಹರಟೆಗೆ ಸೇರುವುದು ಆ ಗುಡಿಯಲ್ಲೇ, ನಿಜ ಸಂಗತಿ ಅವನಿಗೆ ತಿಳಿಯುವುದು ಅವುಗಳ ಬಾಯಿಂದಲೇ. ಮಾತನಾಡುವ ದೀಪಗಳನ್ನು ತರಲು ಯಾರೂ ಸಮುದ್ರ ದಾಟಬೇಕಿಲ್ಲ, ನಿಮ್ಮ ಅಜ್ಜಿಯನ್ನು ಕೇಳಿದ್ದರೆ ಸಾಕಿತ್ತು. ಬಳಗದವರು ತಪ್ಪು ಹೇಳಿದ್ದು ದೊಡ್ಡ ಅಪರಾಧವೇನಲ್ಲ. ತಪ್ಪನ್ನು ಹಾಗೆಯೇ ಇಡಿ, ನಿಮ್ಮ ಮಾತನ್ನು ಅದರ ಪಕ್ಕದಲ್ಲಿ ಇಡಿ.

ಸೂಸನ್ ಡೇನಿಯಲ್ ಅವರ ಇಂಗ್ಲಿಷ್ ಅನುವಾದವನ್ನು ಮೆಟ್ರೊದಲ್ಲಿ ಓದಿ ಮುಗಿಸಿದ ಸಾಫ್ಟ್‌ವೇರ್ ಉದ್ಯೋಗಿಯ ಬಗ್ಗೆ ನಿಮ್ಮ ಧಾಟಿಯಲ್ಲಿ ಸಣ್ಣ ಕುಹಕವಿದೆ. ಮಂಡ್ಯದ ಹುಡುಗಿಯೊಬ್ಬಳು ನಂಜನಗೂಡನ್ನು ಇಂಗ್ಲಿಷ್ ದಾರಿಯಲ್ಲಿ ಸುತ್ತಿ ತಲುಪಿದಳು ಎಂಬ ಚುಚ್ಚು ಓದಲು ಖುಷಿ ಕೊಡುತ್ತದೆ, ನಿಜ. ಆದರೆ ಮುಗಿಸದ ಇಬ್ಬರಿಗಿಂತ ಅವಳು ಮುಂದೆ ಹೋಗಿದ್ದಾಳೆ. ಇಂಗ್ಲಿಷಿನಲ್ಲಿ ಅವಳಿಗೆ ಎಲ್ಲವೂ ಅರ್ಥವಾಯಿತೇ, ಅರ್ಥವಾದ ಮೇಲೆ ಕನ್ನಡದ ಪ್ರತಿಯನ್ನು ತೆರೆದಳೇ? ನೀವು ಕೇಳಲಿಲ್ಲ.

ಈಗ ಮೂರನೆಯ ಕಷ್ಟ. ಕಾದಂಬರಿಯಲ್ಲಿ ದಲಿತ ಯುವಕ ಚೆನ್ನನಿಗೂ ಮೇಲ್ಜಾತಿಯ ಕುಸುಮಳಿಗೂ ಸಂಬಂಧವಿದೆ. ಅದಕ್ಕಾಗಿ ಅವನ ಕೊಲೆಯಾಗುತ್ತದೆ. ನಿಮ್ಮ ಒಂಬತ್ತು ಪುಟಗಳಲ್ಲಿ ಚೆನ್ನನ ಹೆಸರಿಲ್ಲ. ‘ಜಾತಿ’ ಎಂಬ ಪದವಿಲ್ಲ. ಪೆನ್ಸಿಲ್ ಹಿಡಿದು ಹುಡುಕಿದೆ. ಹನ್ನೊಂದು ಜನ ಎರಡೂವರೆ ಗಂಟೆ ಕೂತು ಒಂದು ಕೊಲೆಯ ಸುತ್ತ ಮಾತನಾಡಿದ್ದಾರೆ, ಸತ್ತವನು ಮಾತ್ರ ಎಲ್ಲೂ ಇಲ್ಲ. ಭಾಷೆ ಕಷ್ಟ ಎನ್ನುವುದು ಬಹಳ ಸಭ್ಯವಾದ ದೂರು, ಅದನ್ನು ಹೇಳಿದ ಮೇಲೆ ಬೇರೇನನ್ನೂ ಹೇಳುವ ಪ್ರಮೇಯ ಬರುವುದಿಲ್ಲ. ನಿಮ್ಮವರು ಬೇಕೆಂದೇ ನುಣುಚಿಕೊಂಡರು ಎಂದು ನಾನು ಹೇಳಲಾರೆ, ನಾನು ಅಲ್ಲಿರಲಿಲ್ಲ. ನೀವಿದ್ದಿರಿ. ಯಾರಾದರೂ ಆ ಮಾತೆತ್ತಿದಾಗ ಇನ್ನೊಬ್ಬರು ಚಕ್ಕುಲಿಯ ತಟ್ಟೆ ಮುಂದೆ ಸರಿಸಿದರೇ? ಅಥವಾ ಮಾತು ಬಂದಿತ್ತು, ಬರೆಯುವಾಗ ನೀವು ಬಿಟ್ಟಿರೇ? ಎರಡರಲ್ಲಿ ಯಾವುದಾದರೂ ಸರಿ, ಅದೇ ನಿಮ್ಮ ಲೇಖನ.

ಏಳನೆಯ ಪುಟದ ಆ ನಾಲ್ಕು ಸಾಲನ್ನು ಇಲ್ಲಿ ಕೊಡುತ್ತೇನೆ: ‘ನಮ್ಮಲ್ಲೊಬ್ಬರಿಗೆ ಒಂದು ಪದದ ಅರ್ಥ ತಿಳಿಯದೆ, ಕೆಳಗೆ ಹೋಗಿ ಕೊಳ್ಳೇಗಾಲದ ಕಡೆಯವರಾದ ನಮ್ಮ ಸೆಕ್ಯುರಿಟಿಯವರನ್ನು ಕೇಳಿದರು. ಅವರು ಅರ್ಥ ಹೇಳಿದರು. ಆಮೇಲೆ, “ಈ ಮಾತುಗಳನ್ನೆಲ್ಲ ಪುಸ್ತಕದಲ್ಲಿ ಬರೆಯುತ್ತಾರೆಯೇ ಮೇಡಂ?” ಎಂದು ಕೇಳಿ, ಪುಸ್ತಕವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ ಹಿಂದಿರುಗಿಸಿದರು. ನಾವು ಚರ್ಚೆ ಮುಂದುವರಿಸಿದೆವು.’

ಚರ್ಚೆ ಮುಂದುವರಿಸಿದಿರಿ! ಯಾವುದರ ಬಗ್ಗೆ? ಯಾವ ಪದ ಅದು, ಯಾವ ಪುಟದ್ದು? ಕೆಳಗೆ ಹೋದವರು ಯಾರು? ‘ನಮ್ಮಲ್ಲೊಬ್ಬರು’ ಎಂದು ಬರೆದಾಗ ಬಹುಪಾಲು ಅದು ಬರೆದವರೇ ಆಗಿರುತ್ತಾರೆ ಎಂಬುದು ಈ ಕುರ್ಚಿಯಲ್ಲಿ ಕೂತು ನಾನು ಕಂಡುಕೊಂಡದ್ದು. ಸಭೆಗೆ ಬರುವಾಗ ಹೊರಗಿನವರೆಲ್ಲ ಆ ಸೆಕ್ಯುರಿಟಿಯವರ ರಿಜಿಸ್ಟರಿನಲ್ಲಿ ಹೆಸರು, ಫ್ಲ್ಯಾಟ್ ಸಂಖ್ಯೆ, ಸಮಯ ಬರೆದು ಒಳಗೆ ಹೋಗಿರುತ್ತಾರೆ. ಆ ಮೇಜಿನ ಮೇಲೆ ಪುಸ್ತಕ ಎಷ್ಟು ಹೊತ್ತು ಇತ್ತು? ಅವರು ಒಂದೆರಡು ಸಾಲು ಓದಿದರೇ, ಬರಿದೇ ಹೊದಿಕೆಯನ್ನು ನೋಡಿದರೇ?

ಇನ್ನು, ‘ಬರೆಯುತ್ತಾರೆಯೇ ಮೇಡಂ’ ಎಂದು ಅವರು ಕೇಳಿರಲಾರರು. ಕೊಳ್ಳೇಗಾಲದಲ್ಲಿ ಯಾರೂ ಹಾಗೆ ಕೇಳುವುದಿಲ್ಲ, ಜಯನಗರದಲ್ಲೂ ಕೇಳುವುದಿಲ್ಲ. ಆಡುಮಾತಿನಲ್ಲಿ ಬರೆದ ಕಾದಂಬರಿಯ ಬಗ್ಗೆ ಒಂಬತ್ತು ಪುಟ ಬರೆದು, ಆ ಸೀಮೆಗೆ ಹತ್ತಿರದ ಒಬ್ಬರೇ ಒಬ್ಬರು ಬಾಯಿಬಿಟ್ಟಾಗ ಅವರ ಬಾಯಿಗೆ ಪಠ್ಯಪುಸ್ತಕದ ಕನ್ನಡ ತುರುಕಿದ್ದೀರಿ. ಅವರು ಕೇಳಿದ ಪ್ರಶ್ನೆಗೆ ನೀವು ಅಲ್ಲೇ, ಅದೇ ಪುಟದಲ್ಲಿ, ಬರೆಯುವುದಿಲ್ಲ ಎಂದು ಉತ್ತರ ಕೊಟ್ಟ ಹಾಗಾಯಿತು.

ಹಾಗೆಂದು ಅವರನ್ನು ಹಿಡಿದು ಸಂತನನ್ನಾಗಿ ಮಾಡಬೇಡಿ. ಕಾವಲುಗಾರರಿಂದ ಬಳಗಕ್ಕೆ ಜ್ಞಾನೋದಯವಾಯಿತು ಎಂದು ಮುಗಿಸಿದರೆ ಅದನ್ನೂ ಹಿಂದಕ್ಕೆ ಕಳುಹಿಸುತ್ತೇನೆ. ಅಂಥವು ನಮ್ಮಲ್ಲಿ ಒಂದು ಕಪಾಟು ತುಂಬ ಇವೆ. ಅವರ ಮಾತು ಅಚ್ಚಿಗೆ ಹೋಗುತ್ತದೆಂದು ಅವರಿಗೆ ತಿಳಿಸಿ, ಒಪ್ಪಿಗೆ ಕೇಳಿ. ಒಪ್ಪದಿದ್ದರೆ ಬಿಡಿ, ಆಗ ನೀವು ಮೆಟ್ಟಿಲಿಳಿದು ಹೋದದ್ದು, ಹತ್ತಿ ಬಂದದ್ದು ಇಷ್ಟೇ ಉಳಿಯುತ್ತದೆ. ಅಷ್ಟರಲ್ಲೂ ಬೇಕಾದಷ್ಟಿದೆ.

ಮತ್ತೆ ಬರೆಯುವುದಾದರೆ ಅಲ್ಲಿಂದ ಶುರು ಮಾಡಿ. ಏಳುನೂರು ಪದ ಸಾಕು. ಹನ್ನೊಂದು ಜನರಲ್ಲಿ ಮೂವರನ್ನು ಇಟ್ಟುಕೊಳ್ಳಿ, ಉಳಿದ ಎಂಟು ಮಂದಿ ಬೇಸರ ಮಾಡಿಕೊಳ್ಳಲಿ. ಬೆನ್ನುಡಿಯಿಂದ ಎತ್ತಿಕೊಂಡ ವಿಮರ್ಶಕರ ಮಾತುಗಳನ್ನು ತೆಗೆಯಿರಿ. ‘ಸಂವೇದನೆ’ ಎಂಬ ಪದವನ್ನು ಎಲ್ಲ ಕಡೆಯೂ ಹೊಡೆದುಹಾಕಿದ್ದೇನೆ, ನಿಮಗೆ ಅದರ ಕೊರತೆ ಕಾಣುವುದಿಲ್ಲ. ಶೀರ್ಷಿಕೆಯನ್ನು ಬರೆದು ಮುಗಿಸಿದ ಮೇಲೆ ಯೋಚಿಸಿ.

ಮೊಬೈಲಿನಲ್ಲೇ ಟೈಪ್ ಮಾಡಿದ್ದೇನೆ, ತಪ್ಪಿದ್ದರೆ ಕ್ಷಮಿಸಿ ಎಂದು ಜೊತೆಯ ಪತ್ರದಲ್ಲಿ ಬರೆದಿದ್ದೀರಿ. ತಪ್ಪು ಹೆಚ್ಚಿಲ್ಲ, ಒಂದನ್ನು ಮಾತ್ರ ಹೇಳುತ್ತೇನೆ. ಲೇಖನದ ನೆತ್ತಿಯ ಮೇಲೆ ಕಾದಂಬರಿಯ ಎಲ್ಲರಿಗೂ ಗೊತ್ತಿರುವ ಆ ಮಾತನ್ನು, ‘ಸಂಬಂಜ ಅನ್ನೋದು ದೊಡ್ದು ಕನಾ’ ಎಂಬುದನ್ನು, ಹಾಕಿದ್ದೀರಲ್ಲ, ಪುಸ್ತಕದಲ್ಲಿ ಅದು ‘ಸಂಬಂಜ’. ನಿಮ್ಮ ಪ್ರತಿಯಲ್ಲಿ ‘ಸಂಬಂಧ’ ಎಂದಾಗಿದೆ. ಕೀಬೋರ್ಡ್ ತಾನಾಗಿ ತಿದ್ದಿರಬೇಕು. ಮತ್ತೆ ಟೈಪ್ ಮಾಡಿ. ಅದು ಮತ್ತೆ ತಿದ್ದಿದರೆ ಇನ್ನೊಮ್ಮೆ ಟೈಪ್ ಮಾಡಿ.