ಮೆಂಬ್ರೇನ್ ಸ್ವಿಚ್ ಪ್ಯಾನೆಲ್‌ನ (ತೆಳು ಹಾಳೆಗಳಿಂದಾದ ಚಪ್ಪಟೆ ಬಟನ್ ಫಲಕದ) ಬಟನ್ ಬೆರಳು ತೆಗೆದ ಮೇಲೂ ಕೆಲವೊಮ್ಮೆ ಒಳಗೇ ಅಂಟಿಕೊಂಡಿರುವುದೇಕೆ?

ಬಟನ್‌ನ ಕೆಳಗಿರುವ ಗಾಳಿಗೆ ಹೋಗಿಬರಲು ಸರಿಯಾದ ದಾರಿ ಇಲ್ಲದಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಇಂತಹ ಪ್ಯಾನೆಲ್‌ನಲ್ಲಿ ಬೆಳ್ಳಿಯ ಶಾಯಿಯಿಂದ ಸರ್ಕ್ಯೂಟ್ ಮುದ್ರಿಸಿದ ಎರಡು ಪಾಲಿಯೆಸ್ಟರ್ ಹಾಳೆಗಳ ನಡುವೆ, ಬಟನ್ ಇರುವಲ್ಲೆಲ್ಲ ರಂಧ್ರ ಬಿಟ್ಟ, ಸುಮಾರು 0.2 ಮಿ.ಮೀ. ದಪ್ಪದ ಸ್ಪೇಸರ್, ಅಂದರೆ ಅಂತರ ಕಾಯುವ ಅಂಟುಹಾಳೆ ಇರುತ್ತದೆ. ಒತ್ತಿದಾಗ ಮೇಲಿನ ಹಾಳೆ ರಂಧ್ರದೊಳಗೆ ಬಾಗಿ ಕೆಳಗಿನದನ್ನು ಮುಟ್ಟುವುದರಿಂದ, ಅಲ್ಲಿದ್ದ ಗಾಳಿ ಬೇರೆಡೆ ಸರಿಯಲೇಬೇಕು. ಅದು ಅಂಟಿನ ಸಂದಿಯಲ್ಲಿ ನುಸುಳಿ ಹೋದರೆ ಬೆರಳು ತೆಗೆದ ಮೇಲೆ ಅಷ್ಟು ಸುಲಭವಾಗಿ ಮರಳುವುದಿಲ್ಲ. ಒಳಗಿನ ಒತ್ತಡ ಕುಸಿದು, ಹೊರಗಿನ ಗಾಳಿಯೇ ಹಾಳೆಯನ್ನು ಅದುಮಿ ಹಿಡಿಯುತ್ತದೆ.

ಆದ್ದರಿಂದ ವಿನ್ಯಾಸಕಾರರು ಸ್ಪೇಸರ್‌ನಲ್ಲಿ ಬಟನ್‌ನಿಂದ ಬಟನ್‌ಗೆ ಕಿರಿದಾದ ಗಾಳಿದಾರಿಯನ್ನು ಕತ್ತರಿಸುತ್ತಾರೆ. ಅದನ್ನು ಹೊರಗೆ ತೆರೆಯಬೇಕೇ ಎಂಬುದೇ ನಿಜವಾದ ತಲೆನೋವು: ತೆರೆದರೆ ತೇವ ಒಳಸೇರಬಹುದು, ತೇವವಿದ್ದಲ್ಲಿ ವೋಲ್ಟೇಜ್‌ನ ಪ್ರಭಾವದಿಂದ ಬೆಳ್ಳಿ ನಿಧಾನವಾಗಿ ಪಕ್ಕದ ಗೆರೆಯತ್ತ ಬೆಳೆದು ಶಾರ್ಟ್ ಸರ್ಕ್ಯೂಟ್ ಆಗಬಹುದು. ನೀರು ಹಾಯಿಸಿ ತೊಳೆಯುವ ಯಂತ್ರಗಳಿಗೆ, ನನ್ನ ಮಟ್ಟಿಗೆ, ದಾರಿಯನ್ನು ಒಳಗೇ ಮುಗಿಸುವುದು ಮೇಲು. ಒಂದೇ ಬಟನ್ ಇದ್ದರೆ, ಗಾಳಿಗೆಂದೇ ಪಕ್ಕದಲ್ಲಿ ಖಾಲಿ ಜಾಗವೊಂದನ್ನು ಬಿಡಬೇಕಾಗುತ್ತದೆ.