ಆಳಿಗೊಂದು ಊರು, ಎಲ್ಲರಿಗೂ ಒಂದೇ ನಾಟಕ

ಪ್ರಶ್ನೆ: ನಾವು ಕಾಲೇಜಿನಲ್ಲಿ ಒಟ್ಟಿಗೆ ನಾಟಕ ಆಡುತ್ತಿದ್ದ ಏಳೆಂಟು ಜನ. ಈಗ ಕೆಲವರು ಶಿವಮೊಗ್ಗ, ಕೆಲವರು ಬೆಂಗಳೂರು, ಒಬ್ಬರು ಪುಣೆ, ಒಬ್ಬರು ಡಲ್ಲಾಸ್. ಹಳೆಯ ಕನ್ನಡ ನಾಟಕವೊಂದನ್ನು ಆಡಿಯೋ ಮಾಡೋಣ ಅಂತ ಜೂಮ್‌ನಲ್ಲಿ ಎಲ್ಲರೂ ಸೇರಿ ಓದಿ ರೆಕಾರ್ಡ್ ಮಾಡಿದೆವು. ಕೇಳಿದರೆ ಮಾತಿಗೆ ಮಾತು ಕೂಡುತ್ತಲೇ ಇಲ್ಲ. ಪುಕ್ಕಟೆ ಆಡಿಯೋ ಪುಸ್ತಕ ಮಾಡುವ ಲಿಬ್ರಿವಾಕ್ಸ್‌ನವರು ಬೇರೆ ಬೇರೆ ದೇಶದಲ್ಲಿದ್ದುಕೊಂಡೇ ಇಡೀ ನಾಟಕ ಮಾಡುತ್ತಾರಂತೆ. ಹೇಗೆ ಸರ್?
– ಶಿವಮೊಗ್ಗದ ಓದುಗರು

ಉತ್ತರ: ಅವರು ಒಟ್ಟಿಗೆ ಓದುವುದೇ ಇಲ್ಲ. ಗುಟ್ಟು ಅಷ್ಟೇ.

ಜೂಮ್ ಇರುವುದು ಮೀಟಿಂಗಿಗೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಒಬ್ಬರ ದನಿಯನ್ನು ತಗ್ಗಿಸಿಬಿಡುತ್ತದೆ. ನಾಟಕದಲ್ಲಿ ಜಗಳದ ದೃಶ್ಯ ಬಂತೋ, ಮುಗಿಯಿತು. ನಿಟ್ಟುಸಿರು, ಪಿಸುಮಾತನ್ನು ಗದ್ದಲ ಅಂದುಕೊಂಡು ಅಳಿಸುತ್ತದೆ. ಜೊತೆಗೆ ಒಬ್ಬರ ದನಿ ಇನ್ನೊಬ್ಬರನ್ನು ಮುಟ್ಟುವಷ್ಟರಲ್ಲಿ ಚೂರು ತಡ. ಮಾಮೂಲಿ ಹರಟೆಯಲ್ಲಿ ಅದು ಗೊತ್ತಾಗುವುದಿಲ್ಲ, ಆದರೆ ಹಾಸ್ಯದ ಮಾತನ್ನು ಕೊಂದೇ ಹಾಕುತ್ತದೆ. ಜೂಮ್ ರಿಹರ್ಸಲ್‌ಗೆ ಇರಲಿ, ರೆಕಾರ್ಡಿಂಗ್‌ಗೆ ಬೇಡ.

ಲಿಬ್ರಿವಾಕ್ಸ್ ಶುರುವಾಗಿದ್ದು 2005ರ ಆಗಸ್ಟ್‌ನಲ್ಲಿ. ಶುರು ಮಾಡಿದವರು ಕೆನಡಾದ ಮಾಂಟ್ರಿಯಲ್‌ನ ಹ್ಯೂ ಮೆಕ್‌ಗೈರ್. ಕಾಪಿರೈಟ್ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ, ಯಾರು ಬೇಕಾದರೂ ಪುಕ್ಕಟೆ ಕೇಳುವ ಹಾಗೆ ಹಾಕುತ್ತಾರೆ. ಆಡಿಷನ್ ಇಲ್ಲ. ಒಂದು ನಿಮಿಷದ ಟೆಸ್ಟ್ ರೆಕಾರ್ಡಿಂಗ್ ಕೇಳುತ್ತಾರೆ ನಿಜ, ಆದರೆ ಅದರಲ್ಲಿ ನೋಡುವುದು ಮೈಕು, ಸೆಟ್ಟಿಂಗು ಸರಿ ಇದೆಯಾ ಅಂತ. ನಿಮ್ಮ ಅಭಿನಯವನ್ನು ಯಾರೂ ತೂಗುವುದಿಲ್ಲ.

ನಾಟಕವಾದರೆ ಪಾತ್ರಗಳ ಪಟ್ಟಿ ಹಾಕುತ್ತಾರೆ. ಬೇಕಾದವರು ಬೇಕಾದ ಪಾತ್ರ ಕೇಳಿ ತಗೊಳ್ಳುತ್ತಾರೆ. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ, ತಮಗೆ ಬಿಡುವಾದಾಗ, ಒಂದು ಅಂಕದ ತಮ್ಮ ಮಾತುಗಳನ್ನಷ್ಟೇ ಓದುತ್ತಾರೆ. ಒಂದು ಮಾತು, ಒಂದೆರಡು ಸೆಕೆಂಡ್ ಸುಮ್ಮನೆ, ಮತ್ತೆ ಮುಂದಿನ ಮಾತು. ‘ಬಾಗಿಲು ತೆಗೆದು ಒಳಗೆ ಬರುತ್ತಾನೆ’ ಅನ್ನುವಂಥ ರಂಗಸೂಚನೆ ಓದಲು ಬೇರೆ ನಿರೂಪಕರು. ಆಮೇಲೆ ಎಡಿಟರ್ ಈ ಫೈಲುಗಳನ್ನೆಲ್ಲ ಆಡಾಸಿಟಿಯಂಥ ಸಾಫ್ಟ್‌ವೇರಿನಲ್ಲಿ ಒಂದರ ಕೆಳಗೊಂದು ತೆರೆದು, ಸ್ಕ್ರಿಪ್ಟ್ ನೋಡಿಕೊಂಡು ಒಂದೊಂದೇ ಮಾತು ಕತ್ತರಿಸಿ ಸಾಲಾಗಿ ಕೂಡಿಸುತ್ತಾರೆ. ಕೊನೆಗೆ ಇನ್ನೊಬ್ಬರು ಪುಸ್ತಕ ಹಿಡಿದು ಪೂರ್ತಿ ಕೇಳಿ, ಎಲ್ಲಿ ಮಾತು ಬಿಟ್ಟುಹೋಗಿದೆ, ಎಲ್ಲಿ ಎರಡು ಸಲ ಬಂದಿದೆ ಅಂತ ನಿಮಿಷ, ಸೆಕೆಂಡ್ ಸಮೇತ ಬರೆದು ಕೊಡುತ್ತಾರೆ.

ಹಾಗಾಗಿ ನಾಯಕನ ಪಾತ್ರ ಯಾರಿಗೆ ಅಂತ ಜಗಳ ಆಡುವ ಮೊದಲು ಎಡಿಟಿಂಗ್ ಯಾರು ಮಾಡುತ್ತೀರಿ ಅಂತ ತೀರ್ಮಾನ ಮಾಡಿಕೊಳ್ಳಿ. ಅರ್ಧ ಗಂಟೆಯ ಅಂಕಕ್ಕೂ ಹಲವು ಸಂಜೆಗಳು ಬೇಕು. ಆ ಪುಣ್ಯಾತ್ಮರಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ ಅಂದರೆ ಎಲ್ಲರೂ ಒಂದೇ ಪಿಡಿಎಫ್ ಇಟ್ಟುಕೊಂಡು, ಪ್ರತಿ ಮಾತಿಗೂ ನಂಬರ್ ಹಾಕಿಕೊಳ್ಳುವುದು. ಮೂರು ಜನ ಮೂರು ಮುದ್ರಣದ ಪುಸ್ತಕ ಹಿಡಿದು ಓದಿದರೆ ಪ್ರಶ್ನೆಯೊಂದು, ಉತ್ತರವೊಂದು ಆಗುತ್ತದೆ. ಓದುವಾಗ ತಪ್ಪಿದರೆ ರೆಕಾರ್ಡಿಂಗ್ ನಿಲ್ಲಿಸಬೇಡಿ. ಒಂದು ಚಪ್ಪಾಳೆ ತಟ್ಟಿ, ಆ ಮಾತನ್ನು ಮೊದಲಿಂದ ಹೇಳಿ. ಚಪ್ಪಾಳೆ ಸ್ಕ್ರೀನಿನ ಮೇಲೆ ಉದ್ದ ಗೀರಾಗಿ ಎದ್ದು ಕಾಣುತ್ತದೆ. ಎಲ್ಲಿ ಕತ್ತರಿಸಬೇಕು ಅಂತ ಕೇಳದೆಯೇ ಗೊತ್ತಾಗುತ್ತದೆ.

ಪ್ರಶ್ನೆ: ಒಬ್ಬಳೇ ರೂಮಿನಲ್ಲಿ ಕೂತು ಓದಿದರೆ ಪಾಠ ಒಪ್ಪಿಸಿದ ಹಾಗೆ ಬರುತ್ತೆ. ಎದುರಿಗೆ ಯಾರೂ ಇಲ್ಲದೆ ಅಭಿನಯ ಮಾಡೋದು ಹೇಗೆ?
– ಮೈಸೂರಿನ ಓದುಗರು

ಉತ್ತರ: ಈ ಎರಡು ಸಾಲು ನೋಡಿ.

ತಾಯಿ: ಇಷ್ಟೊತ್ತು ಎಲ್ಲಿ ಹೋಗಿದ್ದೆ?
ಮಗ: ಇಲ್ಲೇ.

ತಾಯಿ ಸಿಟ್ಟಿನಲ್ಲಿ ಕೇಳಿದರೆ ‘ಇಲ್ಲೇ’ ತಗ್ಗಿದ ದನಿಯಲ್ಲಿ ಬರಬೇಕು. ಅವಳು ಅಳುತ್ತಾ ಕೇಳಿದರೆ ಅದೇ ‘ಇಲ್ಲೇ’ ಸಮಾಧಾನ ಮಾಡುವಂತಿರಬೇಕು. ಅವಳು ಹೇಗೆ ಕೇಳಿದ್ದಾಳೆ ಅಂತಲೇ ಗೊತ್ತಿಲ್ಲದೆ ಮಗ ಪುಣೆಯಲ್ಲಿ ಕೂತು ಸುಮ್ನೆ ‘ಇಲ್ಲೇ’ ಅಂದರೆ, ಅದು ಆಟೋದವರಿಗೆ ‘ಇಲ್ಲೇ ನಿಲ್ಸಿ’ ಅಂದಂತೆ ಕೇಳಿಸುತ್ತದೆ.

ದಾರಿ ಎರಡಿವೆ. ಜಾಸ್ತಿ ಮಾತಿರುವವರು ಮೊದಲು ರೆಕಾರ್ಡ್ ಮಾಡಿ ಎಲ್ಲರಿಗೂ ಕಳಿಸಲಿ. ಉಳಿದವರು ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಉತ್ತರ ಕೊಡಲಿ. ಸ್ಪೀಕರಿನಲ್ಲಿ ಹಾಕಬೇಡಿ, ಅವರ ದನಿಯೂ ನಿಮ್ಮ ಮೈಕಿಗೆ ಸೇರುತ್ತದೆ. ಅದಕ್ಕೆ ಪುರುಸೊತ್ತಿಲ್ಲ ಅಂದರೆ ಎದುರಿನ ಪಾತ್ರದ ಮಾತನ್ನೂ ನೀವೇ ಗಟ್ಟಿಯಾಗಿ ಹೇಳಿ, ಒಂದು ಕ್ಷಣ ಬಿಟ್ಟು ನಿಮ್ಮದನ್ನು ಹೇಳಿ. ಎಡಿಟರ್ ಮೊದಲನೆಯದನ್ನು ಕಿತ್ತುಹಾಕುತ್ತಾರೆ. ನನಗೆ ಎರಡನೆಯದೇ ಇಷ್ಟ. ಬಾಯಿಬಿಟ್ಟು ಪ್ರಶ್ನೆ ಕೇಳಿದ ಮೇಲೆ ಉತ್ತರ ತಾನಾಗೇ ಉತ್ತರದ ದನಿಯಲ್ಲಿ ಬರುತ್ತದೆ. ಮುಖ್ಯವಾದ ಮಾತುಗಳನ್ನು ಎರಡು ಮೂರು ಥರ ಹೇಳಿ ಕಳಿಸಿ, ಯಾವುದು ಹೊಂದುತ್ತದೋ ಅದನ್ನು ಅವರು ಆರಿಸಿಕೊಳ್ಳಲಿ.

ಎಲ್ಲರೂ ಎಡವುವುದು ನಡುವೆ ಬಾಯಿ ಹಾಕುವ ಜಾಗದಲ್ಲಿ. ಸ್ಕ್ರಿಪ್ಟಿನಲ್ಲಿ ‘ನೀನು ನಿನ್ನೆ ಬರ್ತೀನಿ ಅಂತ...’ ಎಂದು ಚುಕ್ಕಿ ಇಟ್ಟು ಬಿಟ್ಟಿರುತ್ತಾರೆ. ನಟ ಅಲ್ಲಿಗೇ ಟಕ್ಕನೆ ನಿಲ್ಲಿಸುತ್ತಾನೆ. ಕೇಳುವವರಿಗೆ ಯಾರೂ ಬಾಯಿ ಹಾಕಿದ ಹಾಗೆ ಅನಿಸುವುದಿಲ್ಲ, ಇವನಿಗೇ ಮಾತು ಮರೆತ ಹಾಗೆ ಅನಿಸುತ್ತದೆ. ಆ ವಾಕ್ಯವನ್ನು ನೀವೇ ಪೂರ್ತಿ ಮಾಡಿ: ‘ನೀನು ನಿನ್ನೆ ಬರ್ತೀನಿ ಅಂತ ಹೇಳಿ ಕಾಯಿಸಿದೆ ಅಲ್ವಾ’. ಎಡಿಟರ್ ‘ಅಂತ’ ಮುಗಿಯುವ ಹೊತ್ತಿಗೆ ಎದುರಿನವರ ಮಾತನ್ನು ಅದರ ಮೇಲೇ ಹತ್ತಿಸಿ, ನಿಮ್ಮ ದನಿಯನ್ನು ನಿಧಾನಕ್ಕೆ ಕರಗಿಸುತ್ತಾರೆ. ಕೊನೆಯಲ್ಲಿ ಒಂದಿಷ್ಟು ‘ಹೂಂ’, ‘ಅಯ್ಯೋ’, ನಗು, ಕೆಮ್ಮು ಬಿಡಿಬಿಡಿಯಾಗಿ ಸೇರಿಸಿ ಕಳಿಸಿ. ಜನಜಂಗುಳಿಯ ಮಾತಿದ್ದರೆ ಪ್ರತಿಯೊಬ್ಬರೂ ಹೇಳಿ ಕಳಿಸಬೇಕು. ಎಂಟು ದನಿ ಒಂದರ ಮೇಲೊಂದು ಕೂತರೆ ಸಣ್ಣದೊಂದು ಗುಂಪಂತೂ ಆಗುತ್ತದೆ.

ಪ್ರಶ್ನೆ: ನನ್ನ ರೆಕಾರ್ಡಿಂಗ್‌ನಲ್ಲಿ ‘ನಾಯ್ಸ್ ಇದೆ’ ಅಂತ ವಾಪಸ್ ಕಳಿಸುತ್ತಾರೆ. ನನಗೇನೂ ಕೇಳಿಸುವುದಿಲ್ಲ. ಸ್ಟುಡಿಯೋಗೆ ದುಡ್ಡು ಕೊಡುವಷ್ಟು ಶಕ್ತಿ ಇಲ್ಲ.
– ಹುಬ್ಬಳ್ಳಿಯ ಓದುಗರು

ಉತ್ತರ: ಫ್ಯಾನ್ ಆಫ್ ಮಾಡಿದ್ದೀರಾ? ನಮ್ಮ ಕಿವಿಗೆ ಫ್ಯಾನಿನ ಸದ್ದು ಎಷ್ಟು ಒಗ್ಗಿದೆ ಅಂದರೆ ಅದು ಸದ್ದೇ ಅಲ್ಲ ಅನಿಸುತ್ತದೆ. ಫ್ರಿಡ್ಜ್ ಕೂಡ ಹಾಗೇ. ಬೆಳಗಿನ ಜಾವ, ಅಕ್ಕಪಕ್ಕದ ಮನೆಯ ಕುಕ್ಕರ್ ಕೂಗುವ ಮೊದಲು ಕೂತುಬಿಡಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದರ ಮುಂದೆ ಕೂತರೆ, ಇಲ್ಲವೇ ಸುತ್ತ ದಪ್ಪ ಕಂಬಳಿ ನೇತುಹಾಕಿದರೆ ಗೋಡೆಯ ಪ್ರತಿಧ್ವನಿ ಬಹುಪಾಲು ಸಾಯುತ್ತದೆ. ನಾಟಕಕ್ಕಂತೂ ಇದು ಬೇಕೇ ಬೇಕು. ಗಂಡ ಹೆಂಡತಿ ಒಂದೇ ಅಡುಗೆಮನೆಯಲ್ಲಿ ನಿಂತು ಮಾತಾಡುತ್ತಿದ್ದಾರೆ ಅಂತ ಕತೆ. ಕೇಳಿದರೆ ಅವನು ಬಚ್ಚಲಲ್ಲಿ, ಅವಳು ಮದುವೆ ಛತ್ರದಲ್ಲಿ!

ಮೈಕು ಬಾಯಿಂದ ಒಂದು ಗೇಣು ದೂರ ಇರಲಿ, ನೇರ ಎದುರಿಗೆ ಬೇಡ, ಸ್ವಲ್ಪ ಪಕ್ಕಕ್ಕಿರಲಿ. ‘ಭಯ’, ‘ಫಲ’ ಅನ್ನುವಾಗ ಗಾಳಿ ಮೈಕಿಗೆ ಬಡಿದು ದಬ್ ಅನ್ನುವುದು ಅದರಿಂದ ತಪ್ಪುತ್ತದೆ. ಲಿಬ್ರಿವಾಕ್ಸ್ ಕೇಳುವುದು ಸ್ಯಾಂಪಲ್ ರೇಟ್ 44.1 ಕಿಲೋಹರ್ಟ್ಸ್, ಮೋನೋ (ಒಂದೇ ಚಾನೆಲ್), 128 ಕೆಬಿಪಿಎಸ್ ಎಂಪಿ3, ದನಿಯ ಮಟ್ಟ ಸುಮಾರು 89 ಡೆಸಿಬಲ್. ನಿಮ್ಮದು ಬೇರೆ ತಂಡವಾದರೂ ಈ ಸೆಟ್ಟಿಂಗನ್ನೇ ಎಲ್ಲರೂ ಇಟ್ಟುಕೊಂಡರೆ ತಾಪತ್ರಯ ಕಮ್ಮಿ. ಶುರುವಿನಲ್ಲಿ ಐದು ಸೆಕೆಂಡ್ ಏನೂ ಮಾತಾಡದೆ ಕೂತಿರಿ. ಆ ಖಾಲಿ ರೂಮಿನ ಸದ್ದನ್ನೇ ಮಾದರಿ ಇಟ್ಟುಕೊಂಡು ಸಾಫ್ಟ್‌ವೇರ್ ಉಳಿದ ಗದ್ದಲ ತೆಗೆಯುತ್ತದೆ. ಅದನ್ನು ಎಡಿಟರ್‌ಗೆ ಬಿಡಿ. ಎಲ್ಲರೂ ತಮಗೆ ತೋಚಿದಂತೆ ಕ್ಲೀನ್ ಮಾಡಿ ಕಳಿಸಿದರೆ ಒಂದು ದನಿಗೂ ಇನ್ನೊಂದಕ್ಕೂ ಹೊಂದುವುದಿಲ್ಲ.

ಪ್ರಶ್ನೆ: ಯಾವ ನಾಟಕ ಆರಿಸಿಕೊಂಡರೆ ಕಾಪಿರೈಟ್ ತೊಂದರೆ ಇಲ್ಲ? ಕೈಲಾಸಂ, ಕುವೆಂಪು, ಕಾರ್ನಾಡ್ ಮಾಡಬಹುದಾ?
– ಬೆಂಗಳೂರಿನ ಓದುಗರು

ಉತ್ತರ: ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಕಾಪಿರೈಟ್ ಇರುತ್ತದೆ. ಕೈಲಾಸಂ ತೀರಿಕೊಂಡಿದ್ದು 1946ರಲ್ಲಿ, ಹಾಗಾಗಿ 2007ರಿಂದ ಅವರ ನಾಟಕಗಳಿಗೆ ತಡೆ ಇಲ್ಲ. ಗೋವಿಂದ ಪೈ 1963ರಲ್ಲಿ ಹೋದರು, ಅವರದು 2024ರಿಂದ ಮುಕ್ತ. ಬೇಂದ್ರೆಯವರದು 2041ರ ಕೊನೆಯವರೆಗೆ, ಕುವೆಂಪು ಅವರದು 2054ರ ಕೊನೆಯವರೆಗೆ, ಕಾರ್ನಾಡರದು 2079ರ ಕೊನೆಯವರೆಗೆ ಕಾಪಿರೈಟಿನಲ್ಲೇ ಇರುತ್ತದೆ. ಅವು ಬೇಕಾದರೆ ಹಕ್ಕುದಾರರ ಅನುಮತಿ ಬರಹದಲ್ಲಿ ತಗೊಳ್ಳಿ. ಲೇಖಕರು ಬದುಕಿದ್ದಾಗ ಅಚ್ಚೂ ಆಗದೆ, ರಂಗಕ್ಕೂ ಬಾರದೆ, ಆಮೇಲೆ ಪ್ರಕಟವಾದ ಕೃತಿಗೆ 60 ವರ್ಷ ಎಣಿಸುವುದು ಪ್ರಕಟವಾದ ವರ್ಷದಿಂದ. ಇತ್ತೀಚಿನ ಮುದ್ರಣದ ಮುನ್ನುಡಿ, ಟಿಪ್ಪಣಿ ಓದಬೇಡಿ, ಅವು ಬೇರೆಯವರ ಸ್ವತ್ತು. ಅನುವಾದವೂ ಅಷ್ಟೇ. ಶೇಕ್ಸ್‌ಪಿಯರ್ ಎಲ್ಲರ ಸೊತ್ತು, ಆದರೆ ಅವನನ್ನು ಕನ್ನಡಕ್ಕೆ ತಂದವರ ಮಾತಿಗೆ ಬೇರೆ ಲೆಕ್ಕ.

ಲಿಬ್ರಿವಾಕ್ಸ್‌ಗೇ ಕೊಡಬೇಕು ಅಂತಿದ್ದರೆ ಇನ್ನೊಂದು ಅಡ್ಡಿ ಇದೆ. ಅವರು ನೋಡುವುದು ಅಮೆರಿಕದ ಕಾನೂನು. ಅಲ್ಲಿ ಹಳೆಯ ಪುಸ್ತಕಗಳಿಗೆ ಪ್ರಕಟವಾದ ವರ್ಷದಿಂದ 95 ವರ್ಷದ ಲೆಕ್ಕ. 2026ರಲ್ಲಿ ನೋಡಿದರೆ 1930ರವರೆಗೆ ಅಚ್ಚಾದವು ಮುಕ್ತ. ಅಂದರೆ ಇಲ್ಲಿ ಧಾರಾಳವಾಗಿ ಆಡಬಹುದಾದ ನಾಟಕವನ್ನು ಅಲ್ಲಿ ತಗೊಳ್ಳದೇ ಇರಬಹುದು. ಪಾತ್ರ ಹಂಚುವ ಮೊದಲೇ ಮೊದಲ ಮುದ್ರಣದ ವರ್ಷ ಹುಡುಕಿಕೊಳ್ಳಿ. ಅಲ್ಲಿ ಹಾಕಿದ ರೆಕಾರ್ಡಿಂಗ್ ಕೂಡ ಸಾರ್ವಜನಿಕರದ್ದಾಗುತ್ತದೆ. ಯಾರಾದರೂ ಅದನ್ನು ಮಾರಿಕೊಂಡರೂ ನೀವು ಕೇಳುವ ಹಾಗಿಲ್ಲ. ಇದು ತಂಡದ ಎಲ್ಲರಿಗೂ ಒಪ್ಪಿಗೆಯಾ ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ. ಹಿನ್ನೆಲೆಗೆ ಸಿನಿಮಾ ಹಾಡಿನ ತುಣುಕು ಹಾಕುವ ಆಸೆ ಬರುತ್ತದೆ. ಬೇಡ.

ಪ್ರಶ್ನೆ: ನನ್ನದು ಮಂಗಳೂರು ಕನ್ನಡ. ಕೈಲಾಸಂ ನಾಟಕದಲ್ಲಿ ಪಾತ್ರ ಕೇಳಿದರೆ ನಗುತ್ತಾರಾ?
– ಮಂಗಳೂರಿನ ಓದುಗರು

ಉತ್ತರ: ಲಿಬ್ರಿವಾಕ್ಸ್‌ನಲ್ಲಿ ಯಾರ ಉಚ್ಚಾರಣೆಯ ಧಾಟಿಯನ್ನೂ ತಿದ್ದುವುದಿಲ್ಲ, ಅದು ಅವರ ಪದ್ಧತಿ. ಆದರೆ ಕೈಲಾಸಂ ಪಾತ್ರಗಳು ಮಾತಾಡುವುದೇ ಇಂಗ್ಲಿಷ್ ಬೆರೆತ ಬೆಂಗಳೂರು-ಮೈಸೂರು ಕಡೆಯ ಮನೆಮಾತಿನಲ್ಲಿ. ಅಪ್ಪ ಒಂದು ಸೀಮೆಯ ಕನ್ನಡ, ಮಗ ಇನ್ನೊಂದು ಸೀಮೆಯ ಕನ್ನಡ ಆಡಿದರೆ ಕೇಳುವವರು ಯಾರು ಯಾರ ಮನೆಯವರು ಅಂತ ಗೊಂದಲ ಮಾಡಿಕೊಳ್ಳುತ್ತಾರೆ. ವೇದಿಕೆಯ ಮೇಲಾದರೆ ಮುಖ ಕಾಣುತ್ತದೆ, ಇಲ್ಲಿ ದನಿಯೊಂದೇ ಗುರುತು. ನಿರೂಪಕರ ಪಾತ್ರ ಖಾಲಿ ಇದೆಯಾ ಕೇಳಿ. ಅದಕ್ಕೆ ಯಾವ ಊರಿನ ಕನ್ನಡವಾದರೂ ಸೈ. ಜೊತೆಗೆ ಎಲ್ಲ ಅಂಕಗಳಲ್ಲೂ ಕೆಲಸ ಇರುತ್ತದೆ.