ತಂಗಿಯನ್ನು ತಳ್ಳುವುದಕ್ಕೂ ಕೊಲೆಗೂ ನಡುವೆ

ಪತ್ರ: ನಾಲ್ಕನೇ ತರಗತಿಯ ನನ್ನ ಮಗ ಹೊಡೆದಾಟದ ಸಿನಿಮಾ ನೋಡಿದ ದಿನ ತಂಗಿಯನ್ನು ತಳ್ಳುತ್ತಾನೆ, ಒದೆಯುತ್ತಾನೆ. ಇಂಥ ಚಿತ್ರಗಳೇ ಮಕ್ಕಳನ್ನು ಕೊಲೆಗಡುಕರನ್ನಾಗಿ ಮಾಡುತ್ತವೆ ಎಂದು ವಿಜ್ಞಾನಿಗಳು ಸಾಬೀತು ಮಾಡಿಲ್ಲವೇ? ಇವನ್ನು ನಿಷೇಧಿಸಿ ಎಂದು ನಿಮ್ಮ ಪತ್ರಿಕೆ ಏಕೆ ಬರೆಯುವುದಿಲ್ಲ? – ಓದುಗರೊಬ್ಬರು, ತುಮಕೂರು

ಸಂಪಾದಕರ ಉತ್ತರ: ನೀವು ಮನೆಯಲ್ಲಿ ಕಂಡದ್ದು ನಿಜವೇ ಇರಬೇಕು ತಾಯಿ. ಆದರೆ ಕೊಲೆಯ ಮಾತು ಬೇರೆ, ಅದು ಸಾಬೀತಾಗಿಲ್ಲ.

ಸಾಬೀತಾಗಿದೆ ಎನ್ನುವವರು ಮೊದಲು ಹೇಳುವುದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರು 1961ರಲ್ಲಿ ಪ್ರಕಟಿಸಿದ ಪ್ರಯೋಗವನ್ನು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದ 72 ಮಕ್ಕಳು. ಅವರಲ್ಲಿ 24 ಮಕ್ಕಳ ಎದುರು ದೊಡ್ಡವರೊಬ್ಬರು ಗಾಳಿ ತುಂಬಿದ ಬೋಬೋ ಗೊಂಬೆಯನ್ನು ಕೆಡವಿ, ಅದರ ಮೇಲೆ ಕೂತು ಮೂಗಿಗೆ ಗುದ್ದಿದರು, ಸುತ್ತಿಗೆಯಿಂದ ಬಡಿದರು. ಆಮೇಲೆ ಎಲ್ಲ ಮಕ್ಕಳನ್ನೂ ಚೆಂದದ ಆಟಿಕೆಗಳ ಕೋಣೆಗೆ ಕರೆದೊಯ್ದು, ಆಟಕ್ಕೆ ಕೈ ಹಾಕುತ್ತಿದ್ದಂತೆ ‘ಇವು ಬೇರೆ ಮಕ್ಕಳಿಗೆ’ ಎಂದು ಬಿಡಿಸಿ ಕೆರಳಿಸಿದರು. ಬಳಿಕ ಗೊಂಬೆ ಇದ್ದ ಕೋಣೆಗೆ ಬಿಟ್ಟಾಗ, ಹೊಡೆತ ಕಂಡಿದ್ದ ಮಕ್ಕಳಲ್ಲಿ ಅನೇಕರು ಅದೇ ವರಸೆ ಮಾಡಿದರು. 1963ರಲ್ಲಿ ಚಲನಚಿತ್ರ ತೋರಿಸಿದಾಗಲೂ ಹಾಗೆಯೇ ಆಯಿತು. ಮಕ್ಕಳು ಕಂಡದ್ದನ್ನು ಮಾಡುತ್ತಾರೆ ಎಂಬುದಕ್ಕೆ ಇದು ಗಟ್ಟಿ ಪುರಾವೆ. ಆದರೆ ಅದು ಎಷ್ಟು ಹೊಡೆದರೂ ಮತ್ತೆ ಎದ್ದು ನಿಲ್ಲಲೆಂದೇ ಮಾಡಿದ ಗೊಂಬೆ. ಅದಕ್ಕೆ ನೋವಿಲ್ಲ, ಅದು ಅಳುವುದಿಲ್ಲ.

ಮುಂದಿನ ಎಷ್ಟೋ ಪ್ರಯೋಗಗಳಲ್ಲೂ ಇದೇ ತೊಡಕು. ಹೊಡೆದಾಟದ ವಿಡಿಯೊ ಗೇಮ್ ಆಡಿದವನಿಗೆ, ಪಕ್ಕದ ಕೋಣೆಯ ಎದುರಾಳಿಯ ಕಿವಿಗೆ ಎಷ್ಟು ಜೋರಾದ ಸದ್ದು ಬಿಡುತ್ತೀಯ ಎಂದು ಕೇಳುತ್ತಾರೆ. ಜೋರು ಮಾಡಿದರೆ ಅದೇ ಆಕ್ರಮಣಶೀಲತೆಯ ಅಳತೆ. ಎಷ್ಟೋ ಸಲ ಎದುರಾಳಿಯೇ ಇರುವುದಿಲ್ಲ. ಇಷ್ಟರಿಂದ ಬೀದಿಯಲ್ಲಿ ಚಾಕು ಹಾಕುವವನ ಬಗ್ಗೆ ತೀರ್ಮಾನಕ್ಕೆ ಬರುವುದನ್ನು ನಾನು ಒಪ್ಪಲಾರೆ. 2011ರಲ್ಲಿ ಹಿಂಸೆಯ ವಿಡಿಯೊ ಗೇಮ್‌ಗಳನ್ನು ಮಕ್ಕಳಿಗೆ ಮಾರಬಾರದು ಎಂಬ ಕ್ಯಾಲಿಫೋರ್ನಿಯಾದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ರದ್ದು ಮಾಡಿದಾಗಲೂ, ಈ ಅಧ್ಯಯನಗಳು ಕಾರಣವನ್ನು ಸಾಬೀತು ಮಾಡುವುದಿಲ್ಲ ಎಂದಿತು. ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘವಾದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2020ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಇಂಥ ಗೇಮ್‌ಗಳಿಗೂ ಕಿರುಚಾಟ, ತಳ್ಳಾಟಗಳಿಗೂ ಸಣ್ಣ ನಂಟು ಇದೆ; ಗಂಭೀರ ಹಿಂಸೆಗೆ ಅವೇ ಕಾರಣ ಎನ್ನಲು ಸಾಕಷ್ಟು ಪುರಾವೆ ಇಲ್ಲ.

ಒಪ್ಪದವರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ರೋವೆಲ್ ಹ್ಯೂಸ್‌ಮನ್ ತಂಡ 1970ರ ದಶಕದ ಮಕ್ಕಳನ್ನು 15 ವರ್ಷಗಳ ನಂತರ ಮತ್ತೆ ಕಂಡು, ಚಿಕ್ಕಂದಿನಲ್ಲಿ ಹಿಂಸೆಯ ಕಾರ್ಯಕ್ರಮ ಹೆಚ್ಚು ನೋಡಿದವರು ದೊಡ್ಡವರಾದ ಮೇಲೂ ಹೆಚ್ಚು ಆಕ್ರಮಣಕಾರಿ ಎಂದು 2003ರಲ್ಲಿ ವರದಿ ಮಾಡಿತು. ಅದನ್ನು ತಳ್ಳಿಹಾಕುವಂತಿಲ್ಲ. ಅದಕ್ಕೇ ಸೆನ್ಸಾರ್ ಮಂಡಳಿಯ ಯು/ಎ 16+ ಗುರುತು (16 ವರ್ಷದೊಳಗಿನವರು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬೇಕು ಎಂದು) ಇರುವ ಚಿತ್ರ ನಿಮ್ಮ ಮಗನಿಗೆ ಬೇಡ ಎನ್ನುತ್ತೇನೆ. ಆ ಗುರುತು ಹೆತ್ತವರಿಗೆಂದೇ ಇರುವುದು.

ನಿಷೇಧಿಸಿ ಎಂದು ಮಾತ್ರ ನಾವು ಬರೆಯುವುದಿಲ್ಲ. ಹುಡುಗನೊಬ್ಬ ಯಾರಿಗೋ ಇರಿದ ಸುದ್ದಿ ಬಂದಾಗ ‘ಸಿನಿಮಾ ನೋಡಿ ಕೆಟ್ಟ’ ಎಂದುಬಿಟ್ಟರೆ, ಅವನ ಮನೆಯಲ್ಲಿ ಯಾರು ಕುಡಿದು ಹೊಡೆಯುತ್ತಿದ್ದರು, ಅವನು ಶಾಲೆ ಯಾಕೆ ಬಿಟ್ಟ ಎಂದು ಯಾರೂ ಕೇಳುವುದಿಲ್ಲ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ.

ತಂಗಿಗೆ ಒದ್ದ ದಿನ ಟಿವಿ ಆರಿಸಿ, ಅವನನ್ನು ಹತ್ತಿರ ಕೂರಿಸಿಕೊಳ್ಳಿ. ಶಾಲೆಯಲ್ಲಿ ಅವನಿಗೆ ಯಾರಾದರೂ ಹೊಡೆಯುತ್ತಿದ್ದಾರೆಯೇ ಎಂದೂ ಕೇಳಿ.